ಮೊದಲರ್ಧ ಅಕ್ಕನದು

ನಾಟಕಮಂದಿರದ ಮೆಟ್ಟಿಲು ಅರ್ಧ ಹತ್ತಿದ ಮೇಲೆ ಅಕ್ಕನಿಗೆ ಮಂಡಿ ನೋವು ಬಂತು. ಬಂತು ಅನ್ನುವುದಕ್ಕಿಂತ ಬರಿಸಿಕೊಂಡಳು ಅನ್ನಬೇಕು. ಬೆಳಿಗ್ಗೆಯಿಂದ ತಲೆನೋವು, ಎದೆ ಉರಿ, ಕಣ್ಣು ಮಂಜು ಎಂದು ಒಂದೊಂದನ್ನೇ ಹೂಡಿ ನೋಡಿ, ಯಾವುದೂ ನಡೆಯದೆ, ಕೊನೆಗೆ ಕೈಯಲ್ಲಿ ಉಳಿದದ್ದು ಮಂಡಿಯೊಂದೇ. ಕಂಬಿ ಹಿಡಿದು ನಿಂತು, ಮುಖ ಹಿಂಡಿ, "ನನ್ನಿಂದ ಆಗಲ್ಲ ಕಣೇ. ನೀವೆಲ್ಲ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಕೂತಿರ್ತೀನಿ," ಎಂದಳು.

ಮೇಲಿನ ಮೆಟ್ಟಿಲಲ್ಲಿದ್ದ ಟೈಲರಮ್ಮ ತಿರುಗಿ ನೋಡಿದಳು. "ಯಾವ ಕಾಲು?"

"ಬಲಗಾಲು."

"ನೀನು ಹಿಡ್ಕೊಂಡಿರೋದು ಎಡಗಾಲು."

ಹಿಂದೆ ಬರುತ್ತಿದ್ದ ಹೊಲಿಗೆ ಹುಡುಗಿಯರು ಕಿಸಕ್ಕನೆ ನಕ್ಕರು. ಅಕ್ಕ ಕೈಯನ್ನು ಮೆಲ್ಲಗೆ ಆ ಮಂಡಿಯಿಂದ ಈ ಮಂಡಿಗೆ ಸಾಗಿಸಿದಳು. ಅಷ್ಟರಲ್ಲಿ ಮೊಮ್ಮಗಳು ಬಂದು ತೋಳಿಗೆ ತೋಳು ಹಾಕಿ ಎತ್ತಿಯೇ ಬಿಟ್ಟಳು. ಕಾಜಾ ಹಾಕುವುದರಲ್ಲಿ ಅಂಗಡಿಗೇ ಮೊದಲಿಗಳಾದ್ದರಿಂದ ಈ ಮೊಮ್ಮಗಳಿಗೆ ಕಾಜಾ ಎಂದೇ ಹೆಸರು ಬಿದ್ದಿತ್ತು. ಗುಂಡಿಗೆ ತಕ್ಕ ತೂತು, ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ. "ನಡಿ ಅಜ್ಜೀ. ನೀನಿಲ್ಲದೆ ನಮ್ಮ ಟೈಲರಜ್ಜಿ ಪರದೆ ಏಳೋಕೂ ಬಿಡಲ್ಲ," ಎಂದಳು.

ಟೈಲರಮ್ಮ ಅಕ್ಕನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು, ಒಂದೇ ಒಲೆಯ ಹೊಗೆಗೆ ಕಣ್ಣೀರು ಸುರಿಸಿದವರು. ಹಿರಿಯಳನ್ನು ಕಿರಿಯಳು ಅಕ್ಕ ಅಂದಳೆಂದು ಬೀದಿಯೆಲ್ಲ ಅಕ್ಕ ಅಂದಿತು. ಹಾಲಿನವನಿಂದ ಹಿಡಿದು ಅಂಚೆಯವನವರೆಗೆ ಅವಳು ಎಲ್ಲರಿಗೂ ಅಕ್ಕನೇ. ಕಿರಿಯಳ ಹೆಸರನ್ನು ಅವಳ ಹೊಲಿಗೆ ಮೆಷಿನ್ ಎಂದೋ ನುಂಗಿಹಾಕಿತ್ತು. ಬೀದಿ ಮೂಲೆಯ ಅಂಗಡಿ, ಅದರ ಹಿಂದಿನ ಉದ್ದ ಕೋಣೆ, ಅಲ್ಲಿ ಸಾಲಾಗಿ ಗರಗರ ಅನ್ನುವ ಮೆಷಿನ್‌ಗಳು, ಅವುಗಳ ಮುಂದೆ ಹುಡುಗಿಯರು. ಎಷ್ಟು ಮನೆಯ ಹುಡುಗಿಯರು ಅಲ್ಲಿ ಕಲಿತು ಹೋಗಿ ತಮ್ಮದೇ ಅಂಗಡಿ ಹಾಕಿಕೊಂಡರೋ, ಟೈಲರಮ್ಮನೇ ಲೆಕ್ಕ ಇಟ್ಟಿರಲಿಲ್ಲ. "ಬಟ್ಟೆ ಅಳತೆ ಇಡ್ತೀನಮ್ಮ, ಹುಡುಗೀರ ಅಳತೆ ಯಾಕೆ ಇಡ್ಲಿ," ಅನ್ನುತ್ತಿದ್ದಳು.

ಆ ಕೋಣೆಗೆ ಒಂದು ಪದ್ಧತಿ ಇತ್ತು. ಹೊಸದಾಗಿ ಸೇರಿದ ಹುಡುಗಿ ಮೊದಲ ದಿನ ಮೆಷಿನ್ ಮುಟ್ಟುವ ಹಾಗಿಲ್ಲ. ಒಂದು ತುಂಡು ಬಟ್ಟೆ, ಒಂದು ಸೂಜಿ, ಕೆಂಪು ದಾರ ಕೊಟ್ಟು ಟೈಲರಮ್ಮ ಒಂದು ಮಾತು ಹೇಳುತ್ತಿದ್ದಳು. ಹುಡುಗಿ ಅದನ್ನು ಕೈಯಲ್ಲೇ ಹೊಲಿಯಬೇಕು. ಅಂಥ ತುಂಡುಗಳು ಗೋಡೆಯ ತುಂಬ ನೇತಾಡುತ್ತಿದ್ದವು. ಕೆಲವು ನೆಟ್ಟಗೆ, ಕೆಲವು ಮಳೆಯಲ್ಲಿ ನೆಂದ ಇರುವೆಸಾಲಿನ ಹಾಗೆ ಸೊಟ್ಟಗೆ. ಎಲ್ಲದರ ಮೇಲೂ ಅದೇ ಮಾತು:

"ಉಳಿ ಬೇಕಾದರೆ ತಗೊಂಡು ಹೋಗಿ. ಕೈ ಇಲ್ಲೇ ಇರುತ್ತೆ."

ಯಾರ ಮಾತು ಇದು ಎಂದು ಯಾರಾದರೂ ಕೇಳಿದರೆ ಟೈಲರಮ್ಮ ಕತ್ತರಿ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, "ದೋಣಿಮನೆಯ ಸೊಸೆ ನಾಟಕದ್ದು. ಮೊದಲರ್ಧ ಮುಗಿಯೋವಾಗ ಬರುತ್ತೆ," ಅನ್ನುತ್ತಿದ್ದಳು. ಹಾಗೆ ಅನ್ನುವಾಗ ಅಕ್ಕ ಅಲ್ಲಿದ್ದರೆ ಅವಳಿಗೆ ಒಳಗೊಳಗೇ ಎರಡು ಬಗೆ ಆಗುತ್ತಿತ್ತು. ಬೆನ್ನಿಗೆ ತಣ್ಣೀರು ಎರಚಿದ ಹಾಗೆ ಒಂದು ಅಂಜಿಕೆ. ಅದರ ಬೆನ್ನಿಗೇ, ಯಾರೂ ಕಾಣದ ಹಾಗೆ ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ ಒಂದು ಹೆಮ್ಮೆ.

ಯಾಕೆಂದರೆ ಆ ಮಾತು ನಾಟಕದಲ್ಲಿ ಇರಲೇ ಇಲ್ಲ. ಅದು ಅಕ್ಕ ಹುಟ್ಟಿಸಿದ ಮಾತು.

ಇಷ್ಟು ವರ್ಷ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆ ನಾಟಕ ಆಡುವವರೇ ಇರಲಿಲ್ಲ. ಹೋದ ತಿಂಗಳು ಯಾರೋ ಹೊಸಬರು ಅದನ್ನು ಹುಡುಕಿ ತೆಗೆದು, ಅದೇ ಹಳೆಯ ಮಂದಿರದಲ್ಲಿ ಆಡುತ್ತೇವೆಂದು ಅಂಗಡಿಯ ಗೋಡೆಗೇ ಪೋಸ್ಟರ್ ಅಂಟಿಸಿ ಹೋದರು. ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬೀದಿಗೆ ಓಡಿಬಂದು, "ಅಕ್ಕಾ! ನಮ್ಮ ನಾಟಕ ಬಂದಿದೆ ಕಣೇ!" ಎಂದು ಕೂಗಿದಳು. ಆ "ನಮ್ಮ" ಅಕ್ಕನ ಎದೆಗೆ ಗುಂಡುಸೂಜಿಯ ಹಾಗೆ ಚುಚ್ಚಿತು. ಸಂಜೆಯೊಳಗೆ ಇಡೀ ಕೋಣೆಗೆ ಟಿಕೆಟ್ಟು ಬಂದಿತ್ತು. ಆ ಮಾತನ್ನು ನಟಿಯ ಬಾಯಿಂದಲೇ ಕೇಳಬೇಕೆಂದು ಹುಡುಗಿಯರೆಲ್ಲ ಕುಣಿಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಕುಣಿದವಳು ಕಾಜಾ. ಟೈಲರಮ್ಮ ಅಂಗಡಿಯನ್ನು ಅವಳ ಕೈಗೆ ಕೊಡುವವಳಿದ್ದಳು. ಅವಳಪ್ಪ, ಅಂದರೆ ಅಕ್ಕನ ಮಗ, ಓದಿದ ಹುಡುಗಿ ಕಂಡವರ ಕುತ್ತಿಗೆ ಅಳತೆ ತೆಗೀತಾ ಕೂರೋದು ಬೇಡ ಎಂದು ಪಟ್ಟು ಹಿಡಿದಿದ್ದ. ಕಾಜಾ ಅವನ ಮುಂದೆ ನಿಂತು ಆ ಮಾತನ್ನೇ ಹೇಳಿದ್ದಳು. "ಯಾವಳೋ ಬಣ್ಣ ಬಳ್ಕೊಂಡು ಹೇಳಿದ ಮಾತನ್ನ ನನಗೆ ಹೇಳ್ಬೇಡ," ಅಂದಿದ್ದ ಅವನು. "ನಾಟಕ ನೋಡಿ ಬಂದ ಮೇಲೆ ಮಾತಾಡ್ತೀನಿ," ಅಂದಿದ್ದಳು ಇವಳು.

ಇಂಥ ಹೊತ್ತಿನಲ್ಲಿ ಮಂಡಿ ನೋವು ಬಾರದೆ ಇನ್ನೇನು ಬರಬೇಕು?

ಒಳಗೆ ಹೋಗಿ ಕೂತರು. ಕುರ್ಚಿಗಳು ಹೊಸವು, ಗೋಡೆ ಹಳೆಯದು. ಮೇಲೆ ಫ್ಯಾನುಗಳು ಮೊದಲಿನ ಹಾಗೆಯೇ ಗೊಣಗುತ್ತ ತಿರುಗುತ್ತಿದ್ದವು. ಟೈಲರಮ್ಮ ಪಕ್ಕದಲ್ಲಿ ಕೂತು, ಅಕ್ಕನ ಹೆಗಲ ಮೇಲಿನ ಹಸಿರು ಶಾಲಿನ ಅಂಚನ್ನು ಬೆರಳಲ್ಲಿ ತೀಡಿ ನೋಡಿ, "ಇದನ್ನ ಇನ್ನೂ ಇಟ್ಕೊಂಡಿದ್ದೀಯಲ್ಲೇ," ಎಂದಳು.

"ಚಳಿ ಆಗುತ್ತೆ ಅಂತ ತಂದೆ."

"ಈ ಸೆಕೇಲಿ?"

ಅಕ್ಕ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಈ ಶಾಲು ಇಲ್ಲದೆ ನಾಟಕಕ್ಕೆ ಬರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಇಬ್ಬರೂ ಹರೆಯದ ಸೊಸೆಯರಾಗಿದ್ದ ಕಾಲದಲ್ಲಿ ಅಕ್ಕನ ಗಂಡ ಈ ಮಂದಿರದ ಫ್ಯಾನು, ದೀಪ, ಸ್ವಿಚ್ಚುಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಹೊಸ ನಾಟಕ ಬಂದಾಗಲೆಲ್ಲ ಮನೆಗೆ ಒಂದು ಪಾಸು. ಒಂದೇ. ಅವನಂತೂ ಸ್ವಿಚ್ಚುಗಳ ಹಿಂದೆ ಕೂತು ನಿದ್ದೆ ಮಾಡುವವನು. ಪಾಸು ಬಂದರೆ ಸೊಸೆಯರಿಗೇ. ಅತ್ತೆ ಹಾಸಿಗೆ ಹಿಡಿದಿದ್ದರು, ಆದರೆ ಅವರ ಕಿವಿ ಮಾತ್ರ ಮನೆ ತುಂಬ ಓಡಾಡಿಕೊಂಡಿರುತ್ತಿತ್ತು. ಇಬ್ಬರು ಸೊಸೆಯರೂ ಒಟ್ಟಿಗೆ ಹೊರಗೆ ಹೊರಟರೆ ಮನೆಯ ಕಂಬವೇ ಎದ್ದು ನಡೆದ ಹಾಗೆ ಅವರಿಗೆ. ಹಾಗಾಗಿ ಒಬ್ಬಳು ಹೋದರೆ ಒಬ್ಬಳು ಇರಬೇಕು. ಯಾರು ಹೋಗಬೇಕು ಎಂದು ಮೊದಲ ಸಲ ಇಬ್ಬರೂ "ನೀನು ಹೋಗು, ನೀನು ಹೋಗು" ಎಂದು ಜಗಳವಾಡಿ, ಕೊನೆಗೆ ನಾಟಕವನ್ನೇ ಸೌತೆಕಾಯಿ ಹಾಗೆ ಮುರಿದು ಹಂಚಿಕೊಂಡರು. ಮೊದಲರ್ಧ ಅಕ್ಕನದು. ಎರಡನೆಯ ಅರ್ಧ ತಂಗಿಯದು.

ಮಧ್ಯಂತರದ ಗಂಟೆ ಹೊಡೆದ ಕೂಡಲೇ ಅಕ್ಕ ಓಡಿಬಂದು ಪಕ್ಕದ ಗೇಟಿನಲ್ಲಿ ನಿಲ್ಲುತ್ತಿದ್ದಳು. ಆ ಕಡೆಯಿಂದ ಕಿರಿಯಳು ಏದುಸಿರು ಬಿಡುತ್ತ ಬರುವಳು. ಅಕ್ಕ ಶಾಲು ತೆಗೆದು ಅವಳಿಗೆ ಹೊದಿಸುವಳು. ಶಾಲಿನ ಮೂಲೆಗೆ ಪಾಸಿನ ಚೂರು ಪಿನ್ನಿನಲ್ಲಿ ಚುಚ್ಚಿರುತ್ತಿತ್ತು. ಹೊರಗೆ ಹೋದವಳೇ ಒಳಗೆ ಬಂದಳು ಎಂದು ಗೇಟಿನವನು ತಿಳಿಯಲಿ ಅಂತ ಈ ಉಪಾಯ. ತೊಂದರೆ ಏನೆಂದರೆ ಕಿರಿಯಳು ಅಕ್ಕನಿಗಿಂತ ಗೇಣುದ್ದ ಎತ್ತರ. ಪಾಪ, ಮಂಡಿ ಬಗ್ಗಿಸಿ, ಕುತ್ತಿಗೆ ಒಳಗೆಳೆದುಕೊಂಡು, ಆಮೆಯ ಹಾಗೆ ಗೇಟು ದಾಟುತ್ತಿದ್ದಳು. ಒಂದು ಸಲ ಆ ಗೇಟಿನವನು ಅವಳ ಮುಖವನ್ನೂ ನೋಡದೆ, "ಅಮ್ಮಾ, ನಮ್ಮ ನಾಟಕ ನೋಡಿ ನೋಡಿ ನೀವು ಬೆಳೀತಾ ಇದ್ದೀರಿ," ಅಂದನಂತೆ. ಅಂದು ಮನೆಗೆ ಬಂದು ಇಬ್ಬರೂ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕಿದ್ದರು.

ಮಾರನೆಯ ಬೆಳಿಗ್ಗೆ ಹಿತ್ತಲ ನಲ್ಲಿಯ ಹತ್ತಿರ, ಪಾತ್ರೆ ತಿಕ್ಕುವ ಸದ್ದಿನ ಮರೆಯಲ್ಲಿ, ನಾಟಕ ಒಂದಾಗುತ್ತಿತ್ತು. ಮೊದಲು ಅಕ್ಕ ಹೇಳಬೇಕು. ಕಿರಿಯಳಿಗೆ ಕೊನೆ ಹೇಳುವ ಆತುರ ಗಂಟಲವರೆಗೆ ಬಂದಿದ್ದರೂ ಸರಿ, ಮೊದಲರ್ಧ ಅಕ್ಕನದು. ಆಮೇಲೆ ಅವಳದು. ಹೀಗೆ ರಾಜರು, ಕಳ್ಳರು, ಅಗಲಿದ ಅಣ್ಣತಮ್ಮಂದಿರು, ಹುಚ್ಚು ಹಿಡಿದ ಗಡಿಯಾರದವನು, ಎಲ್ಲರೂ ಆ ನಲ್ಲಿಯ ನೀರಿನಲ್ಲಿ ತೊಳೆದುಕೊಂಡು ಹೊಸಬರಾಗಿ ಎದ್ದು ಹೋಗುತ್ತಿದ್ದರು.

ದೋಣಿಮನೆಯ ಸೊಸೆ ಬಂದದ್ದು ಮನೆಯಲ್ಲಿ ಮೆಷಿನ್ನಿನ ರಗಳೆ ನಡೆದ ವಾರ. ಕಿರಿಯಳು ತವರಿನಿಂದ ತಂದಿದ್ದ ಹೊಲಿಗೆ ಮೆಷಿನ್ನನ್ನು ಮಾವ ಅಟ್ಟಕ್ಕೆ ಹಾಕಿಸಿಬಿಟ್ಟಿದ್ದರು. ಮನೆಯ ಸೊಸೆ ಊರವರ ಬಟ್ಟೆ ಹೊಲಿಯುವುದೆಂದರೆ ಗಂಡಸರ ಮರ್ಯಾದೆಗೆ ತೇಪೆ ಹಾಕಿದ ಹಾಗೆ ಎಂದಿದ್ದರು. ಇಬ್ಬರು ಆಳುಗಳು ಅದನ್ನು ಎತ್ತುವಾಗ ಕಿರಿಯಳು ಗೋಡೆಗೆ ಸರಿದು ದಾರಿ ಬಿಟ್ಟಳು. ಒಂದು ಮಾತಿಲ್ಲ. ಅತ್ತಿದ್ದರೂ ಆಗುತ್ತಿತ್ತು ಅನ್ನಿಸಿತ್ತು ಅಕ್ಕನಿಗೆ.

ಎರಡು ದಿನದ ಮೇಲೆ ರಂಗದ ಮೇಲೆ ಅದೇ ನಡೆಯಿತು. ದೋಣಿ ಕಟ್ಟುವ ಮಾವ ತೀರಿಹೋಗಿ, ಗಂಡ ಸಮುದ್ರಕ್ಕೆ ಹೋದವನು ಬಾರದೆ, ಅರ್ಧ ಕಟ್ಟಿದ ದೋಣಿಯನ್ನು ಮುಗಿಸಲು ಸೊಸೆಯೇ ಉಳಿ ಹಿಡಿಯುತ್ತಾಳೆ. ಊರ ಹಿರಿಯರು ಬಂದು, ಹೆಣ್ಣು ಕಟ್ಟಿದ ದೋಣಿ ನೀರಿಗೆ ಇಳಿಯಬಾರದು, ಉಳಿ ಇಡು ಅನ್ನುತ್ತಾರೆ. ಅವಳು ಸುಮ್ಮನೆ ಉಳಿ ಕೆಳಗಿಟ್ಟು ಒಳಗೆ ಹೋಗುತ್ತಾಳೆ. ಪರದೆ ಬೀಳುತ್ತದೆ. ಗೇಟಿನಲ್ಲಿ ಶಾಲು ಹೊದಿಸುವಾಗ ಅಕ್ಕ ಓರಗಿತ್ತಿಯ ಮುಖ ನೋಡಲಾರದೆ ಹೋದಳು.

ಬೆಳಿಗ್ಗೆ ನಲ್ಲಿಯ ಹತ್ತಿರ ಕಥೆ ಅಲ್ಲಿಗೆ ಬಂತು. "ಆಮೇಲೆ?" ಎಂದಳು ಕಿರಿಯಳು. ಅಕ್ಕ ಅವಳ ಕೈ ನೋಡಿದಳು. ನೊರೆಯೊಳಗೆ ಬೆರಳುಗಳು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. ಉಳಿ ಕೆಳಗಿಟ್ಟಳು ಎಂದು ಹೇಳಲು ಬಾಯಿ ತೆರೆದಳು. ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಆಮೇಲೇನು? ಅವರ ಮುಖಕ್ಕೇ ಹೇಳಿದಳು. ಉಳಿ ಬೇಕಾದರೆ ತಗೊಂಡು ಹೋಗಿ, ಕೈ ಇಲ್ಲೇ ಇರುತ್ತೆ, ಅಂತ."

ಪಾತ್ರೆಯ ಮೇಲೆ ಆಡುತ್ತಿದ್ದ ಕೈ ನಿಂತಿತು. "ಹಾಗಂದಳಾ?"

"ಹಾಗೇ ಅಂದಳು."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

ಕಿರಿಯಳು ಬಹಳ ಹೊತ್ತು ನಲ್ಲಿಯ ನೀರನ್ನೇ ನೋಡಿದಳು. ಆಮೇಲೆ ಪಾತ್ರೆ ತೊಳೆದು ಬೋರಲು ಹಾಕಿ, "ಹಾಗಾದ್ರೆ ಸರಿ. ಈಗ ನನ್ನರ್ಧ ಕೇಳು," ಎಂದಳು. ಆ ಸೊಸೆ ದೋಣಿ ಕಟ್ಟಿ ಮುಗಿಸಿದ್ದು, ನೀರಿಗೆ ನೂಕುವಾಗ ಊರಿಗೆ ಊರೇ ಬಂದು ಹೆಗಲು ಕೊಟ್ಟದ್ದು, ತಡೆದ ಹಿರಿಯನೇ ಕೊನೆಗೆ ಹಗ್ಗ ಬಿಚ್ಚಿದ್ದು, ಅವಳು ದೋಣಿಯ ಮೂತಿಯಲ್ಲಿ ನಿಂತು ಗಾಳಿಗೆ ಕೂದಲು ಬಿಟ್ಟದ್ದು, ಎಲ್ಲ ಹೇಳಿದಳು. ಅಷ್ಟು ಚೆನ್ನಾಗಿ ಅವಳು ಯಾವ ನಾಟಕವನ್ನೂ ಹೇಳಿರಲಿಲ್ಲ.

ಅಂದು ರಾತ್ರಿ ಊಟದ ಹೊತ್ತಿಗೆ ಅವಳು ಮಾವನ ಮುಂದೆ ಬಂದು ನಿಂತಳು. "ಮೆಷಿನ್ ಅಟ್ಟದ ಮೇಲೇ ಇರ್ಲಿ ಮಾವ. ಕೈ ಇಲ್ಲೇ ಇರುತ್ತೆ." ಎಲ್ಲರ ತುತ್ತೂ ಅರ್ಧ ದಾರಿಯಲ್ಲಿ ನಿಂತಿತು. ಮಾರನೆಯ ದಿನದಿಂದ ಕಿಟಕಿಯ ಹತ್ತಿರ ಕೂತು ಕೈಯಲ್ಲೇ ಹೊಲಿಯತೊಡಗಿದಳು. ಬೀದಿಯ ಹೆಂಗಸರು ಹೊಲಿಗೆ ನೋಡಲೆಂದೇ ಬರತೊಡಗಿದರು. ಕೊನೆಗೆ ಮಾವನಿಗೇ ಅವಸರದಲ್ಲಿ ಒಂದು ಕೋಟು ಬೇಕಾಯಿತು. "ಕೈ ಹೊಲಿಗೆ ಮಾವ, ಇನ್ನೂ ತಿಂಗಳು ಹಿಡಿಯುತ್ತೆ," ಎಂದಳು ತಣ್ಣಗೆ. ಮಾವ ತಾವೇ ಏಣಿ ಹಾಕಿ ಅಟ್ಟ ಹತ್ತಿ, ಮೀಸೆಗೆಲ್ಲ ಜೇಡರ ಬಲೆ ಮೆತ್ತಿಕೊಂಡು ಮೆಷಿನ್ ಇಳಿಸಿಕೊಂಡು ಬಂದರು.

ಆಮೇಲಿನದೆಲ್ಲ ಬೀದಿಗೇ ಗೊತ್ತು. ಒಂದು ಸುಳ್ಳನ್ನು ನೆಲಕ್ಕೆ ಹಾಕಿದ್ದಳು ಅಕ್ಕ. ಅದು ಬೇರು ಬಿಟ್ಟು, ನೆರಳು ಕೊಟ್ಟು, ಅದರ ಕೆಳಗೆ ಎಷ್ಟೋ ಜನ ಕೂತಿದ್ದರು. ಈಗ ಅದರ ಬುಡ ಅಗೆಯಲು ಎಲ್ಲರೂ ಟಿಕೆಟ್ಟು ತಗೊಂಡು ಬಂದಿದ್ದರು.

ದೀಪ ಆರಿತು. ಪರದೆ ಎದ್ದಿತು.

ನಾಟಕ ಚೆನ್ನಾಗಿತ್ತು. ಅದೇ ಅಕ್ಕನಿಗೆ ಇನ್ನಷ್ಟು ಸಂಕಟ. ಆ ಸೊಸೆಯ ಪಾತ್ರದ ಹುಡುಗಿ ಸಣ್ಣಗೆ, ಕಪ್ಪಗೆ, ಕಣ್ಣಲ್ಲೇ ಮಾತಾಡುವವಳು. ದೋಣಿಯ ಪಕ್ಕೆಲುಬುಗಳಂಥ ಹಲಗೆಗಳ ನಡುವೆ ಅವಳು ಉಳಿ ಹಿಡಿದು ಕೆತ್ತುವಾಗ ಠಣ್ ಠಣ್ ಎಂದು ಸದ್ದು ಎದ್ದು ಎದೆಗೇ ಬರುತ್ತಿತ್ತು. ಹಿರಿಯರು ಬಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಸಾಲಿನ ಉದ್ದಕ್ಕೂ ಹುಡುಗಿಯರು ಮುಂದಕ್ಕೆ ಬಾಗಿದ್ದು ಕುರ್ಚಿಗಳ ಕಿರುಗುಟ್ಟುವಿಕೆಯಲ್ಲೇ ತಿಳಿಯಿತು.

"ಉಳಿ ಇಡು," ಎಂದ ಹಿರಿಯ.

ಅಕ್ಕ ಒಳಗೇ ಬೇಡಿಕೊಂಡಳು. ಹೇಳೇ ತಾಯೀ. ಇದೊಂದು ಸಲ ಹೇಳಿಬಿಡು. ನಿನಗೇನು ಹೋಗುತ್ತೆ?

ಉಳಿ ಹಲಗೆಯ ಮೇಲೆ ಕೂತ ಸಣ್ಣ ಸದ್ದು. ಹೆಜ್ಜೆಗಳು. ಪರದೆ.

ಚಪ್ಪಾಳೆಯ ನಡುವೆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಜಾ ಟೈಲರಮ್ಮನ ಕಡೆ ಬಗ್ಗಿ, "ಅಜ್ಜೀ, ಆ ಮಾತು ಬರ್ಲೇ ಇಲ್ಲ," ಎಂದಳು. ಅವಳ ದನಿ ಮಗುವಿನದಾಗಿತ್ತು.

"ನಾನೂ ಇಲ್ಲೇ ಕೂತಿದ್ದೀನಲ್ಲೇ," ಎಂದಳು ಟೈಲರಮ್ಮ. "ನಡೀರಿ, ಟೀ ಕುಡಿಯೋಣ."

ಹೊರಗೆ ಪಡಸಾಲೆಯಲ್ಲಿ ಜನ ಗಿಜಿಗುಟ್ಟುತ್ತಿದ್ದರು. ಅಕ್ಕ ಟೀ ಬಟ್ಟಲು ಹಿಡಿದು ಓರಗಿತ್ತಿಯ ಪಕ್ಕಕ್ಕೆ ಸರಿದಳು. ಹೇಳಿಬಿಡಬೇಕು, ಈಗಲೇ, ಇಲ್ಲೇ. ಬಟ್ಟಲು ಕಿಟಕಿಯ ಮೇಲಿಟ್ಟು, ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಹೆಗಲಿನ ಶಾಲು ತೆಗೆದು ಓರಗಿತ್ತಿಯ ಕೈಗೆ ಇಟ್ಟಳು. ಗಂಟೆ ಹೊಡೆದರೆ ಶಾಲು ಕೊಡಬೇಕು. ಅಷ್ಟು ಮಾತ್ರ ಕೈಗೆ ಗೊತ್ತಿತ್ತು. ಟೈಲರಮ್ಮ ಶಾಲು ನೋಡಿದಳು, ಅಕ್ಕನನ್ನು ನೋಡಿದಳು, ಗಹಗಹಿಸಿ ನಕ್ಕಳು.

"ಮನೆಗೆ ಓಡ್ತೀಯಾ? ಅತ್ತೆಗೆ ಗಂಜಿ ಕಾಯಿಸಬೇಕಾ?"

"ತಂಗೀ, ನಿನಗೊಂದು ಮಾತು ಹೇಳ್ಬೇಕು ಕಣೇ. ಬಹಳ ಹಳೇ ಮಾತು..."

"ಎರಡನೇ ಅರ್ಧ ಆದ್ಮೇಲೆ ಹೇಳು."

"ಈಗ್ಲೇ ಹೇಳ್ಬೇಕು."

"ಅಕ್ಕಾ." ಟೈಲರಮ್ಮ ಶಾಲನ್ನು ಕೊಡವಿ ಹೊದ್ದುಕೊಂಡಳು. "ಮೊದಲರ್ಧ ನಿನ್ನದು, ಒಪ್ಪಿದೆ. ಎರಡನೇ ಅರ್ಧ ನೀನು ಹುಟ್ಟಿದಾಗಿಂದ ನೋಡಿಲ್ಲ. ಮೊದಲು ಬಂದು ನೋಡು. ಆಮೇಲೆ ಎಷ್ಟು ಬೇಕಾದ್ರೂ ಮಾತಾಡು."

ಬಾಗಿಲಲ್ಲಿ ಟಾರ್ಚು ಹಿಡಿದ ಹೆಂಗಸು ಟಿಕೆಟ್ಟು ನೋಡಿ ಒಳಗೆ ಬಿಡುತ್ತಿದ್ದಳು. ಶಾಲು ಹೊದ್ದ ಟೈಲರಮ್ಮ ಹತ್ತಿರ ಬಂದದ್ದೇ ತಡ, ಮಂಡಿ ಬಗ್ಗಿತು, ಕುತ್ತಿಗೆ ಒಳಗೆ ಹೋಯಿತು. ಆ ಹೆಂಗಸು ಗಾಬರಿಯಿಂದ, "ಸೊಂಟ ಹಿಡ್ಕೊಂಡಿತಾ ಅಮ್ಮಾ?" ಎಂದಳು. "ಇಲ್ಲಮ್ಮ, ಅಭ್ಯಾಸ," ಎಂದು ಟೈಲರಮ್ಮ ಬಗ್ಗಿಕೊಂಡೇ ಒಳಗೆ ಹೋದಳು.

ಎರಡನೆಯ ಅರ್ಧಕ್ಕೆ ಪರದೆ ಏಳುವುದನ್ನು ಅಕ್ಕ ಜೀವನದಲ್ಲಿ ಮೊದಲ ಸಲ ನೋಡಿದಳು. ಮೊದಲಿನದಕ್ಕಿಂತ ಮೆಲ್ಲಗೆ ಏಳುತ್ತದೆ ಅನ್ನಿಸಿತು. ವರ್ಷಗಳು ಕಳೆದಿವೆ, ಸೊಸೆಯ ಕೂದಲಿಗೆ ಬಿಳಿ ಬಳಿದಿದ್ದಾರೆ. ಅವಳು ಹಿರಿಯನ ಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆ. ಗೋಡೆಯ ಮೊಳೆಗೆ ಅವಳ ಉಳಿ ನೇತಾಡುತ್ತಿದೆ.

"ನನ್ನ ಉಳಿ ಕೊಡಿ," ಎಂದಳು.

ಹಿರಿಯ ನಕ್ಕ. ನಗುತ್ತಲೇ ಹೇಳಿದ: "ಅಂದು ಒಂದು ಮಾತೂ ಆಡದೆ ಕೆಳಗಿಟ್ಟು ಹೋದವಳು ನೀನೇ ಅಲ್ಲವೇ? ಇಂದು ಯಾವ ಬಾಯಲ್ಲಿ ಕೇಳುತ್ತೀ?"

ಅಕ್ಕನಿಗೆ ಮೊದಲು ಏನೂ ಆಗಲಿಲ್ಲ. ಆಮೇಲೆ, ಬಿಸಿ ನೀರು ಪಾದದಿಂದ ಮೇಲಕ್ಕೆ ಏರಿದ ಹಾಗೆ, ಮೆಲ್ಲಮೆಲ್ಲಗೆ ತಿಳಿಯುತ್ತ ಬಂತು. ಈ ಮಾತು ಅಂದೂ ಇತ್ತು. ಎರಡನೆಯ ಅರ್ಧದಲ್ಲಿ ಹಿರಿಯ ಆಡುವ ಮೊದಲ ಮಾತೇ ಇದು. ಅಂದು ಇದೇ ಮಂದಿರದಲ್ಲಿ, ಇದೇ ಶಾಲು ಹೊದ್ದು, ಅಳು ತಡೆದುಕೊಂಡು ಕೂತಿದ್ದ ಒಬ್ಬ ಹುಡುಗಿ ಇದನ್ನು ಕೇಳಿದ್ದಳು. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಕೂತು, ಏನೂ ಗೊತ್ತಿಲ್ಲದವಳ ಹಾಗೆ, "ಹಾಗಂದಳಾ?" ಎಂದು ಕೇಳಿದ್ದಳು.

ಅಕ್ಕ ತಿರುಗಿ ನೋಡಿದಳು. ಟೈಲರಮ್ಮ ರಂಗದಿಂದ ಕಣ್ಣು ತೆಗೆಯಲಿಲ್ಲ. ಆದರೆ ಶಾಲಿನ ಒಳಗಿಂದ ಅವಳ ಕೈ ಬಂದು ಅಕ್ಕನ ಮುಂಗೈಯನ್ನು ಒಮ್ಮೆ ಗಟ್ಟಿಯಾಗಿ ಚಿವುಟಿ, ಅಲ್ಲೇ ಉಳಿಯಿತು.

ನಾಟಕ ಕೊನೆಗೆ ಬಂತು. ಉಳಿ ಸಿಗಲಿಲ್ಲ. ದೋಣಿ ಮುಗಿಯಲಿಲ್ಲ. ಯಾರೋ ಅದನ್ನು ಬೋರಲು ಹಾಕಿ ಕೋಳಿಗೂಡಿಗೆ ಸೂರು ಮಾಡಿದ್ದರು. ಮುದುಕಿಯಾದ ಸೊಸೆ ಅದರ ಕೆಳಗೆ ಬಗ್ಗಿ ಹೋಗಿ, ತಾನು ಹಿಂದೆಂದೋ ಕೂಡಿಸಿದ ಹಲಗೆಗಳ ಸಂದಿಯ ಮೇಲೆ ಬೆರಳಾಡಿಸುತ್ತ ಕೂತಳು. ದೀಪ ಆ ಬೆರಳುಗಳ ಮೇಲಷ್ಟೇ ಉಳಿದು, ಅದೂ ಆರಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕನೂ ಎದ್ದಳು, ಮಂಡಿಯ ನೆನಪೇ ಇರಲಿಲ್ಲ. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಟೈಲರಮ್ಮ ಚಪ್ಪಾಳೆ ತಟ್ಟುತ್ತಲೇ ಅವಳ ಕಿವಿಗೆ ಬಗ್ಗಿ, "ಪಾಪ, ಅವಳಿಗೊಬ್ಬಳು ಓರಗಿತ್ತಿ ಇಡಬೇಕಿತ್ತು ಕಣೇ ಬರೆದವನು," ಎಂದಳು.

ಹೊರಗೆ ಇನ್ನೂ ಬೆಳಕಿತ್ತು. ಸಂಜೆಯ ಗಾಳಿಗೆ ಸೆಕೆ ಇಳಿದಿತ್ತು. ಹುಡುಗಿಯರು ಸಪ್ಪಗೆ ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕೂತರು, ಒಗೆದು ಹಿಂಡಿ ಹಾಕಿದ ಬಟ್ಟೆಗಳ ಹಾಗೆ. ಇಬ್ಬರು ಮುದುಕಿಯರು ಅವರಿಂದ ತುಸು ದೂರ ಕಂಬಿಯ ಹತ್ತಿರ ನಿಂತರು.

"ನಿನಗೆ ಗೊತ್ತಿತ್ತು," ಎಂದಳು ಅಕ್ಕ.

"ಆ ಮುದುಕ ಅವತ್ತೂ ಅದನ್ನೇ ಅಂದಿದ್ದ. ಇನ್ನೂ ಜೋರಾಗಿ ಅಂದಿದ್ದ."

"ಮತ್ತೆ ಯಾಕೆ ಕೇಳ್ಲಿಲ್ಲ ನನ್ನ? ಇಷ್ಟು ವರ್ಷ ನಾನು ಎಷ್ಟು ಹೆದ್ರಿ ಸತ್ತಿದ್ದೀನಿ ಗೊತ್ತಾ ನಿನಗೆ?"

"ಕೇಳಿದ್ರೆ ನೀನು ಆ ಮಾತನ್ನ ವಾಪಸ್ ತಗೊಂಡುಬಿಡ್ತಿದ್ದೆ." ಟೈಲರಮ್ಮ ಶಾಲು ತೆಗೆದು ಅಕ್ಕನ ಹೆಗಲಿಗೆ ಹೊದಿಸಿ, ಅಂಚು ಸರಿಮಾಡಿದಳು, ಅಂಚು ಸರಿಮಾಡದೆ ಅವಳಿಂದ ಯಾವ ಬಟ್ಟೆಯನ್ನೂ ಬಿಡಲಾಗುತ್ತಿರಲಿಲ್ಲ. "ನನಗೆ ಅದು ಬೇಕಿತ್ತು."

"ದೋಣಿ? ಊರೆಲ್ಲ ಬಂದು ನೂಕಿದ್ದು? ಅವಳು ಮೂತೀಲಿ ನಿಂತಿದ್ದು?"

"ನೀನು ಅವಳ ಕೈಯಲ್ಲಿ ಉಳಿ ಬಿಟ್ಟು ಕಥೆ ನಿಲ್ಲಿಸಿದೆ. ನಾನು ಇನ್ನೇನು ಮಾಡ್ಲಿ? ಕೋಳಿಗೂಡು ಮಾಡೋಕಾಗುತ್ತಾ?"

ಅಕ್ಕನಿಗೆ ನಗು ಬಂತು. ನಗು ಅಳುವಿಗೆ ತೊಡರಿಕೊಂಡು ಬಿಕ್ಕಳಿಕೆಯಾಯಿತು. ಟೈಲರಮ್ಮ ಬೆನ್ನಿಗೆ ಗುದ್ದಿದಳು.

ಅಷ್ಟರಲ್ಲಿ ಕಾಜಾ ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು. "ಮಾತೂ ಇಲ್ಲ, ದೋಣೀನೂ ಇಲ್ಲ. ಅಪ್ಪನಿಗೆ ಏನು ಹೇಳ್ಲಿ ನಾನು? ಯಾವಳು ಹೇಳಿದಳು ತೋರ್ಸು ಅಂದ್ರೆ?"

ಟೈಲರಮ್ಮ ಬೆನ್ನು ನೆಟ್ಟಗೆ ಮಾಡಿದಳು. ಅಂಗಡಿಯಲ್ಲಿ ಕತ್ತರಿ ಕೆಳಗಿಟ್ಟು ನಿಲ್ಲುತ್ತಿದ್ದಳಲ್ಲ, ಥೇಟ್ ಹಾಗೆ. ದನಿ ಎಲ್ಲ ಹುಡುಗಿಯರಿಗೂ ಕೇಳುವ ಹಾಗೆ ಇತ್ತು.

"ತೋರ್ಸು. ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ಎದುರಿಗೆ ನಿಲ್ಲಿಸು. ಇವಳೇ ಹೇಳಿದ್ದು. ಬಣ್ಣ ಬಳ್ಕೊಂಡವಳಲ್ಲ ಅಂತ ಹೇಳು. ಪಾತ್ರೆ ತಿಕ್ತಾ ಹೇಳಿದವಳು. ನಿಮ್ಮಪ್ಪನನ್ನ ಹೆತ್ತವಳು."

ಕಾಜಾ ಅಜ್ಜಿಯನ್ನು ನೋಡಿದಳು. ಹುಡುಗಿಯರೆಲ್ಲ ನೋಡಿದರು. ಅಕ್ಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಗೋಡೆಯ ತುಂಬ ನೇತಾಡುವ ಆ ಕೆಂಪು ದಾರದ ಸಾಲುಗಳು, ನೆಟ್ಟಗಿನವು ಸೊಟ್ಟಗಿನವು ಎಲ್ಲ, ಒಟ್ಟಿಗೇ ಕಣ್ಣ ಮುಂದೆ ಬಂದವು. ಬಾಯಲ್ಲಿ ಅಷ್ಟು ವರ್ಷ ಅಡಗಿಸಿಟ್ಟಿದ್ದ ಬೆಲ್ಲದ ಚೂರು ಕರಗಿ ಗಂಟಲಿಗೆ ಇಳಿದ ಹಾಗಾಯಿತು.

"ಅಜ್ಜೀ," ಎಂದಳು ಕಾಜಾ ಮೆಲ್ಲಗೆ. "ನೀನು ಹೇಳಿದ ನಾಟಕ ಹೇಳು. ಮೊದಲಿಂದ."

"ಇಲ್ಲೇ? ಜನ ಓಡಾಡೋ ಮೆಟ್ಟಿಲ ಮೇಲೆ?"

"ಇಲ್ಲೇ."

ಹುಡುಗಿಯರು ಸರಿದು ಜಾಗ ಮಾಡಿದರು. ಅಕ್ಕ ಮೆಟ್ಟಿಲ ಮೇಲೆ ಕೂತಳು, ಪಕ್ಕಕ್ಕೆ ಟೈಲರಮ್ಮ. ನಾಟಕ ನೋಡಿ ಹೊರಬರುತ್ತಿದ್ದವರು ಒಬ್ಬಿಬ್ಬರು ನಿಂತು ನೋಡಿದರು. ಅಕ್ಕ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಮೊದಲು ದನಿ ನಡುಗಿತು. ದೋಣಿ ಕಟ್ಟುವ ಮಾವ ತೀರಿಕೊಳ್ಳುವ ಹೊತ್ತಿಗೆ ಸರಿಯಾಯಿತು. ಉಳಿಯ ಠಣ್ ಠಣ್ ಬಂದಾಗ ಅವಳ ಬೆರಳು ತಾನಾಗಿ ಕಂಬಿಯ ಮೇಲೆ ತಟ್ಟತೊಡಗಿತು. ಹಿರಿಯರು ಬಂದರು. ಉಳಿ ಇಡು ಅಂದರು. ಅಕ್ಕ ಒಂದು ಕ್ಷಣ ನಿಲ್ಲಿಸಿದಳು. ಆಮೇಲೆ ಆ ಮಾತನ್ನು ಹೇಳಿದಳು, ಮೆಟ್ಟಿಲ ಕೆಳಗಿನ ಬೀದಿಗೂ ಕೇಳುವ ಹಾಗೆ.

ಹೇಳಿ ಸುಮ್ಮನಾದಳು.

"ಆಮೇಲೆ?" ಎಂದಳು ಕಾಜಾ.

ಅಕ್ಕ ತಿರುಗದೆಯೇ ಹೆಗಲಿನ ಶಾಲು ತೆಗೆದು ಪಕ್ಕಕ್ಕೆ ಚಾಚಿದಳು. ಟೈಲರಮ್ಮ ಅದನ್ನು ತೆಗೆದುಕೊಂಡು ಹೊದ್ದು, ನೆಟ್ಟಗೆ ಎದ್ದು ನಿಂತಳು.